ಪ್ರಧಾನಿಗಳೇ ಫೋನಲ್ಲಿ ಮಾತಾಡುವಾಗ ರಾಯಭಾರಿ ಯಾಕೆ?

ನಾಯಕರೇ ನೇರವಾಗಿ ಮಾತಾಡಿಕೊಳ್ಳುವಾಗ ರಾಜತಾಂತ್ರಿಕರಿಗೇನು ಕೆಲಸ ಎಂದು ಕೇಳಿದ್ದೀರಿ. ಫೋನಲ್ಲಿ ಸಿಗುವುದು ಬಾಯಿಮಾತಿನ ಒಪ್ಪಿಗೆ. ಜಗಳ ಇರುವುದು ಪದಗಳಲ್ಲಿ. ಹವಾಮಾನ ಮಾತುಕತೆಯ ಕರಡು ನೋಡಿ: ತಕರಾರಿರುವ ಪದಗಳೆಲ್ಲ ಚೌಕ ಆವರಣದೊಳಗೆ ಕೂತಿರುತ್ತವೆ. ಒಮ್ಮತ ಬರುವವರೆಗೆ ಆವರಣ ತೆಗೆಯುವ ಹಾಗಿಲ್ಲ, ಮತಕ್ಕೆ ಹಾಕಿ ಮುಗಿಸುವ ರೂಢಿಯೂ ಇಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಕರಡಿನಲ್ಲಿ ಕಲ್ಲಿದ್ದಲು ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂದಿದ್ದದ್ದು ಕಡೇ ಗಳಿಗೆಯಲ್ಲಿ, ಭಾರತ ಪಟ್ಟು ಹಿಡಿದಿದ್ದರಿಂದ, ‘ತಗ್ಗಿಸುವುದು’ ಆಯಿತು. ಕೆಲವು ದೇಶಗಳು ಸಿಟ್ಟಾದದ್ದು ಪದಕ್ಕಷ್ಟೇ ಅಲ್ಲ, ಅದನ್ನು ಬದಲಿಸಿದ ರೀತಿಗೂ. ಸಮ್ಮೇಳನದ ಅಧ್ಯಕ್ಷರು ವೇದಿಕೆಯಲ್ಲೇ ಕ್ಷಮೆ ಕೇಳಬೇಕಾಯಿತು.

ನಿಜವಾಗಿ ಬದಲಾಗಬೇಕಾದದ್ದು ರಾಯಭಾರಿಗಳಲ್ಲ, ಮಾತುಕತೆ ನಡೆಯುವ ಕ್ರಮ. ಒಂದೇ ಹೊತ್ತಿಗೆ ಹಲವು ಕೋಣೆಗಳಲ್ಲಿ ಚರ್ಚೆ ನಡೆದರೆ ಸಣ್ಣ ದೇಶದ ನಾಲ್ಕೈದು ಜನರ ನಿಯೋಗ ಎಲ್ಲಿ ಕೂರಬೇಕು? 1990ರಲ್ಲಿ ಸಣ್ಣ ದ್ವೀಪರಾಷ್ಟ್ರಗಳು ಕೂಟ ಕಟ್ಟಿಕೊಂಡದ್ದರ ಲಾಭ ಇಲ್ಲೇ: ಕೋಣೆಗೊಬ್ಬರು ಕೂತು ಎಲ್ಲರ ಪರವಾಗಿ ಮಾತಾಡಬಹುದು.