ಗಾಬ್ಲಿನ್ ಮರಿಗಳನ್ನ ಬಿಟ್ಟಿದ್ದು ತಪ್ಪಾ?

ನಿಮ್ಮ ಪತ್ರ ಓದಿ ನಂಗೆ ಬೇಜಾರಾಯ್ತು. ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಕಥೆ ಆಡೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನಿಮ್ಮದು ಲಾಫುಲ್ ಗುಡ್ (ನಿಯಮ ಪಾಲಿಸೋ, ಒಳ್ಳೆ ಸ್ವಭಾವದ) ಪ್ಯಾಲಡಿನ್, ಅಂದ್ರೆ ಧರ್ಮಯೋಧ, ಗುಹೆಯಲ್ಲಿ ಕಾದಾಟ ಮುಗಿದ್ಮೇಲೆ ಮೂಲೇಲಿ ಮುದುರಿಕೊಂಡಿದ್ದ ನಾಲ್ಕು ಗಾಬ್ಲಿನ್ (ಆಟದಲ್ಲಿ ಕೆಟ್ಟವು ಅಂತ ಲೆಕ್ಕದ ಕುಳ್ಳ ರಾಕ್ಷಸರು) ಮರಿಗಳು ಸಿಕ್ಕಿದ್ವು, ನೀವು ಬಿಟ್ರಿ, ಕೆಟ್ಟದ್ದನ್ನ ಉಳಿಸಿದೆ ಅಂತ ಡಿಎಂ (ಆಟ ನಡೆಸೋ ಡಂಜನ್ ಮಾಸ್ಟರ್) ನಿಮ್ಮ ಶಕ್ತಿನೆಲ್ಲ ಕಿತ್ಕೊಂಡ್ರು, ಕೊಂದಿದ್ರೂ ಕಿತ್ಕೋತಿದ್ದೆ ಅಂತ ಆಮೇಲೆ ಅವರೇ ಹೇಳಿದ್ರು. ತಪ್ಪು ನಂದಾ ಅಂತ ಕೇಳಿದೀರ. ಖಂಡಿತ ಅಲ್ಲ.

ಈ ಜಗಳ ಹೆಚ್ಚುಕಮ್ಮಿ ಆಟದಷ್ಟೇ ಹಳೇದು. 1974ರ ಮೊದಲ ರೂಲ್ಸ್‌ನಲ್ಲಿ ಅಲೈನ್‌ಮೆಂಟ್, ಅಂದ್ರೆ ಪಾತ್ರದ ನೈತಿಕ ನಿಲುವು, ಲಾ (ನಿಯಮ), ನ್ಯೂಟ್ರಾಲಿಟಿ (ತಟಸ್ಥ), ಕೇಯಾಸ್ (ಅರಾಜಕತೆ) ಅಂತ ಮೂರೇ ಇದ್ದಿದ್ದು, ಯಾರು ಯಾವ ಕಡೆ ಅನ್ನೋ ಲೆಕ್ಕ ಅಷ್ಟೇ. ಆಮೇಲೆ ಒಳ್ಳೇದು ಕೆಟ್ಟದು ಸೇರ್ಕೊಂಡು 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಒಂಬತ್ತು ಅಲೈನ್‌ಮೆಂಟ್ ಆಯ್ತು. ನಿಮ್ಮ ಡಿಎಂ ಹಿಡ್ಕೊಂಡಿರೋ ಕಟ್ಟುನಿಟ್ಟಿನ ಪ್ಯಾಲಡಿನ್ ರೂಲ್ ಇರೋದೂ ಆ ಪುಸ್ತಕದಲ್ಲೇ, ಆದ್ರೆ ಪೂರ್ತಿ ಓದ್ಬೇಕು: ಗೊತ್ತಿದ್ದೂ ಬೇಕಂತಲೇ ಕೆಟ್ಟ ಕೆಲಸ ಮಾಡಿದ್ರೆ ಮಾತ್ರ ಪ್ಯಾಲಡಿನ್‌ತನ ಶಾಶ್ವತವಾಗಿ ಹೋಗುತ್ತೆ, ಕೇಯಾಟಿಕ್ ಕೆಲಸ ಮಾಡಿದ್ರೆ 7ನೇ ಲೆವೆಲ್ ಅಥವಾ ಮೇಲಿನ ಲಾಫುಲ್ ಗುಡ್ ಕ್ಲೆರಿಕ್ (ಪೂಜಾರಿ ಪಾತ್ರ) ಹತ್ರ ತಪ್ಪೊಪ್ಕೊಂಡು ಪ್ರಾಯಶ್ಚಿತ್ತ ಮಾಡ್ಕೊಂಡ್ರೆ ಆಯ್ತು. ನೀವು ಮಾಡಿದ್ದು ಕರುಣೆಯಿಂದ. ಇನ್ನು 2014ರ ರೂಲ್ಸ್ ಆಡ್ತಿದ್ರಂತೂ ಪ್ಯಾಲಡಿನ್ ಯಾವ ಅಲೈನ್‌ಮೆಂಟ್‌ನವರಾದ್ರೂ ಆಗಬಹುದು, ಅಲ್ಲಿ ಮುಖ್ಯ ಆಗೋದು ಅವರು ತೊಟ್ಟ ಪಣ.

ಧರ್ಮಸಂಕಟ ಇಡೋದು ತಪ್ಪಲ್ಲ, ಆಟದ ಜೀವಾನೇ ಅದು. ಆದ್ರೆ ಅತ್ತ ದರಿ ಇತ್ತ ಪುಲಿ ಅಂತ ಮಾಡಿಟ್ಟು ಎರಡಕ್ಕೂ ಒಂದೇ ಶಿಕ್ಷೆ ಕೊಟ್ರೆ ಆಟಗಾರ ಯೋಚ್ನೆ ಮಾಡಿದ್ದಕ್ಕೆ ಬೆಲೆ ಎಲ್ಲಿ ಬಂತು? ನಮ್ಮ ಟೇಬಲ್‌ನಲ್ಲೂ ಹೀಗೇ ಮರಿಗಳು ಸಿಕ್ಕಿದ್ವು. ಕ್ಲೆರಿಕ್ ಆಡ್ತಿದ್ದವನು ಸುಮಾರು ಹೊತ್ತು ಸುಮ್ನೆ ಕೂತಿದ್ದ, ಆಮೇಲೆ ರಬ್ಬರ್ ತಗೊಂಡು ತನ್ನ ಪಾತ್ರದ ವಿವರ ಬರೆದಿದ್ದ ಶೀಟ್‌ನಲ್ಲಿ ಹತ್ತು ದಿನದ ರೇಷನ್ ಅಂತ ಇದ್ದಿದ್ದನ್ನ ಅಳಿಸಿ ನಾಲ್ಕು ಅಂತ ಬರೆದ, ಇವನ್ನ ಕರ್ಕೊಂಡು ಹೋಗ್ತೀನಿ ಅಂದ. ಅವನ ಶಕ್ತಿ ಎಲ್ಲೂ ಹೋಗ್ಲಿಲ್ಲ, ಆದ್ರೆ ಊರಲ್ಲಿ ಗಾಬ್ಲಿನ್‌ಗಳಿಂದ ಮಗನ್ನ ಕಳ್ಕೊಂಡಿದ್ದ ಹೆಂಗಸು ಬಾಗಿಲಲ್ಲೇ ನಿಂತ್ಕೊಂಡ್ಲು, ಅವಳಿಗೆ ಏನು ಹೇಳೋದು ಅಂತ ಗೊತ್ತಾಗ್ದೆ ಮೂರು ಸೆಷನ್ ಒದ್ದಾಡಿದ್ವಿ. ಬೆಲೆ ತೆರೋದು ಅಂದ್ರೆ ಅದು!

ಅಲೈನ್‌ಮೆಂಟ್ ಅನ್ನೋದು ಪಾತ್ರ ಇಲ್ಲೀತನಕ ಹೇಗೆ ಬದುಕಿದೆ ಅನ್ನೋದರ ಗುರುತು, ಮೂಗುದಾರ ಅಲ್ಲ. ಹಾಗಂತ "ನನ್ನ ಪಾತ್ರ ಇರೋದೇ ಹಾಗೆ" ಅಂತ ಜೊತೆಯವರ ಜೇಬಿಗೆ ಕೈ ಹಾಕೋರನ್ನೂ ನಾನು ಒಪ್ಪಲ್ಲ.

ಮುಂದಿನ ಸೆಷನ್‌ಗೆ ಮುಂಚೆ ಡಿಎಂ ಹತ್ರ ಒಬ್ಬರೇ ಕೂತು ಮಾತಾಡಿ, ನಿಮ್ಮ ದೇವರು ಕರುಣೆ ಬಗ್ಗೆ ಏನು ಹೇಳ್ತಾನೆ ಅಂತ ಕೇಳಿ, ಆ ಉತ್ತರ ಇಬ್ಬರೂ ಸೇರಿ ಬರ್ಕೊಳ್ಳಿ. ಏನಾಯ್ತು ಅಂತ ಬರೀರಿ, ಆ ನಾಲ್ಕು ಮರಿಗಳು ಎಲ್ಲಿಗೆ ಹೋದ್ವು ಅನ್ನೋದನ್ನೂ.