ಮೀಡಿಯೇಷನ್‌ಗೆ ಹೋದರೆ ಗಂಡನ ಮನೆಗೆ ವಾಪಸ್ ಹೋಗಲೇಬೇಕಾ?

ಪ್ರಶ್ನೆ: ಮೇಡಂ, ಮದುವೆಯಾಗಿ ಹನ್ನೊಂದು ವರ್ಷವಾಯ್ತು. ಎರಡು ವರ್ಷದಿಂದ ಮಗನ ಜೊತೆ ತವರಿನಲ್ಲಿದ್ದೇನೆ. ಗಂಡ ವಿಚ್ಛೇದನಕ್ಕೆ ಹಾಕಿದ್ದಾರೆ, ನನಗೂ ಆ ಮನೆಗೆ ಹೋಗುವ ಮನಸ್ಸಿಲ್ಲ. ಈಗ ಜಡ್ಜ್ ಇಬ್ಬರನ್ನೂ ಮೀಡಿಯೇಷನ್‌ಗೆ ಕಳಿಸಿದ್ದಾರೆ. ‘ಅಲ್ಲಿ ಬುದ್ಧಿ ಹೇಳಿ ವಾಪಸ್ ಕಳಿಸ್ತಾರೆ, ನೀನು ಬಾಯಿ ಬಿಟ್ಟಿದ್ದೆಲ್ಲ ನಾಳೆ ಕೋರ್ಟಲ್ಲಿ ನಿನಗೇ ಮುಳುವಾಗುತ್ತೆ’ ಅಂತಾನೆ ಅಣ್ಣ. ಒಡವೆಯೆಲ್ಲ ಅತ್ತೆ ಹತ್ತಿರ ಇದೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಹೋಗಿ. ಊರ ಹಿರಿಯರೆಲ್ಲ ಕೂತು ‘ಹೊಂದಿಕೊಂಡು ಹೋಗಮ್ಮ’ ಅಂತ ಕಳಿಸಿಬಿಡುವ ಪಂಚಾಯ್ತಿ ನೋಡಿದವರಿಗೆ ನಿಮ್ಮ ಅಣ್ಣನಿಗಿರುವ ಭಯ ಸಹಜವೇ. ಆದರೆ ಇದು ಅಂಥ ಪಂಚಾಯ್ತಿಯಲ್ಲ. ಮೀಡಿಯೇಷನ್ ಅಂದರೆ ಮಧ್ಯಸ್ಥಿಕೆ, ಯಾರ ಪರವೂ ಅಲ್ಲದ ಮಧ್ಯಸ್ಥಗಾರರ ಮುಂದೆ ಇಬ್ಬರೂ ಮಾತಾಡಿ ಬಗೆಹರಿಸಿಕೊಳ್ಳುವುದು. ‘ಒಟ್ಟಿಗೆ ಇರಲು ಆಗುತ್ತಾ’ ಅಂತ ಮೊದಲು ಕೇಳೇ ಕೇಳುತ್ತಾರೆ, ಯಾಕೆಂದರೆ ರಾಜಿಗೆ ಪ್ರಯತ್ನ ಮಾಡಬೇಕು ಅಂತ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳುತ್ತದೆ. ನೀವು ಆಗಲ್ಲ ಅಂದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ, ಹಾಗಾದರೆ ಹೇಗೆ ಬೇರೆಯಾಗುತ್ತೀರಿ, ಮಗ ಯಾರ ಹತ್ತಿರ ಇರುತ್ತಾನೆ, ಜೀವನಾಂಶ ಎಷ್ಟು, ಒಡವೆ ಯಾವತ್ತು ವಾಪಸ್ ಬರುತ್ತೆ, ಇದರ ಮೇಲೆ ಮಾತು ಶುರುವಾಗುತ್ತದೆ. ನಿಮಗೆ ಬೇಕಾಗಿರುವುದೂ ಇದೇ ಅಲ್ವಾ?

ಅಲ್ಲಿ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲ. ಕರ್ನಾಟಕದ 2005ರ ಮಧ್ಯಸ್ಥಿಕೆ ನಿಯಮಗಳಲ್ಲೇ ಅದಿದೆ. ರಾಜಿ ಆಗದಿದ್ದರೆ ಮಧ್ಯಸ್ಥಗಾರರು ‘ಆಗಲಿಲ್ಲ’ ಅಂತಷ್ಟೇ ಬರೆದು ಕಳಿಸುತ್ತಾರೆ, ಯಾರು ಏನಂದರು ಅಂತ ಬರೆಯುವ ಹಾಗಿಲ್ಲ. ಗಂಡನ ಮುಂದೆ ಹೇಳಲಾಗದ ವಿಷಯ ಇದ್ದರೆ ಒಬ್ಬಳೇ ಮಾತಾಡಬೇಕು ಅಂತ ಕೇಳಿ, ಬೇರೆಯಾಗಿ ಕೂರಿಸಿ ಕೇಳುತ್ತಾರೆ.

ಕೈಬೀಸಿಕೊಂಡು ಮಾತ್ರ ಹೋಗಬೇಡಿ. ಒಡವೆಯ ಪಟ್ಟಿ, ಇದ್ದರೆ ಬಿಲ್ಲು, ಮದುವೆ ಫೋಟೊ, ಮಗನ ಶಾಲೆ ಫೀಸಿನ ರಸೀದಿ, ತಿಂಗಳ ಖರ್ಚು ಬರೆದ ಹಾಳೆ, ಎಲ್ಲ ಇಟ್ಟುಕೊಳ್ಳಿ. ಗಂಡನ ಸಂಬಳ ಎಷ್ಟು ಅಂತ ಗೊತ್ತಿಲ್ಲದೆ ಒಂದು ಮೊತ್ತಕ್ಕೆ ಒಪ್ಪಿ ಸಹಿ ಹಾಕಿದ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಜೀವನಾಂಶ ಕೇಳಿದಾಗ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ನಿಮ್ಮ ವಕೀಲರಿಂದ ಮೊದಲು ಅದನ್ನು ಕೇಳಿಸಿ, ಮೊತ್ತದ ಮಾತು ಆಮೇಲೆ. ‘ಬೇಗ ಮುಗಿಯಲಿ, ಮಗನಿಗೆ ಏನೂ ಬೇಡ’ ಅಂತ ಬರೆದುಕೊಡಬೇಡಿ. ಅದು ಮಗನ ಹಕ್ಕು, ನೀವು ಬಿಟ್ಟುಕೊಡುವಂಥದ್ದಲ್ಲ.

ಒಪ್ಪಂದದಲ್ಲಿ ಎಲ್ಲ ಬಿಡಿಸಿ ಬರೆಸಿ. ‘ಮಗುವನ್ನು ಆಗಾಗ ನೋಡಬಹುದು’ ಅಂತ ಬರೆದರೆ ಮುಂದಿನ ಜಗಳಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿಂದ ಕರೆದುಕೊಂಡು ಹೋಗಬೇಕು, ದಸರಾ ರಜೆ ಯಾರ ಹತ್ತಿರ, ಎಲ್ಲ ಇರಲಿ. ದುಡ್ಡು ಯಾವ ತಾರೀಕಿಗೆ ಯಾವ ಖಾತೆಗೆ ಅನ್ನುವುದೂ ಇರಲಿ. ಸಹಿ ಮಾಡುವ ಮುಂಚೆ ಮನೆಗೆ ತಂದು ಓದಬೇಕು ಅನ್ನಿಸಿದರೆ ಟೈಮ್ ಕೇಳಿ, ಯಾರೂ ಬಲವಂತ ಮಾಡುವಂತಿಲ್ಲ. ವಕೀಲರ ಫೀಸು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ.

ಒಂದು ಮಾತು ಕೇಳಲೇಬೇಕು, ನೀವು ಬರೆದಿಲ್ಲ. ಗಂಡ ಹೊಡೆಯುತ್ತಿದ್ದರಾ? ಅವರೆದುರು ಕೂರಲು ಹೆದರಿಕೆಯಾದರೆ ಮೊದಲ ದಿನವೇ ಮಧ್ಯಸ್ಥಗಾರರಿಗೆ ಹೇಳಿ, ಎದುರುಬದುರು ಕೂರಿಸಬೇಡಿ ಅನ್ನಿ. ಆ ಹೆದರಿಕೆಯಲ್ಲಿ ಯಾವುದಕ್ಕೂ ಒಪ್ಪಬೇಡಿ. ಮಾತುಕತೆ ಮುರಿದರೆ ಕೇಸು ಕೋರ್ಟಲ್ಲಿ ಮುಂದುವರಿಯುತ್ತದೆ, ನಿಮಗೇನೂ ನಷ್ಟವಿಲ್ಲ.

ಪ್ರಶ್ನೆ: ನಾವಿಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇವೆ. ಇನ್ನೂ ಆರು ತಿಂಗಳು ಕಾಯಲೇಬೇಕಾ?
– ಓದುಗ, ತುಮಕೂರು

ಉತ್ತರ: ಕಾಯಲೇಬೇಕು ಅಂತೇನಿಲ್ಲ. ಹಿಂದೂ ವಿವಾಹ ಕಾಯ್ದೆಯ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆಯಿದ್ದಿರಬೇಕು, ಒಂದಾಗಿಸುವ ಪ್ರಯತ್ನ ಸೋತಿರಬೇಕು, ಜೀವನಾಂಶ, ಮಕ್ಕಳ ವಿಷಯ ಎಲ್ಲ ನಿಜವಾಗಿ ಇತ್ಯರ್ಥವಾಗಿರಬೇಕು. ಮೊದಲ ಹಾಜರಿ ಮುಗಿದು ಒಂದು ವಾರವಾದ ಮೇಲೆ ಕಾರಣ ಬರೆದು ಅರ್ಜಿ ಹಾಕಿಸಿ. ಒಪ್ಪುವುದು ಬಿಡುವುದು ಜಡ್ಜ್‌ಗೆ ಬಿಟ್ಟದ್ದು.