ಎಂಟು ತಿಂಗಳಾಯಿತು, ಕೋಡಿಂಗ್ ಕೆಲಸ ಸಿಕ್ಕಿಲ್ಲ

ಪ್ರಶ್ನೆ: ನನಗೆ 25 ವರ್ಷ. ಬಿ.ಕಾಂ. ಮುಗಿಸಿ ಹಾಸನದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಎರಡು ವರ್ಷ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡುತ್ತಿದ್ದೆ. ಆರು ತಿಂಗಳಲ್ಲಿ ಸಾಫ್ಟ್‌ವೇರ್ ಕೆಲಸ ಖಚಿತವೆಂಬ ಜಾಹೀರಾತನ್ನು ನಂಬಿ ಅದನ್ನು ಬಿಟ್ಟು, ಬೆಂಗಳೂರಿನ ತರಬೇತಿ ಕೇಂದ್ರವೊಂದನ್ನು ಸೇರಿದೆ. ಎಂಟು ತಿಂಗಳಾದರೂ ಒಂದು ಸಂದರ್ಶನದ ಕರೆಯೂ ಬಂದಿಲ್ಲ. ಎರಡು ವರ್ಷದ ಸಾಫ್ಟ್‌ವೇರ್ ಅನುಭವವಿದೆ ಎಂದು ರೆಸ್ಯೂಮೆಯಲ್ಲಿ ಬರೆದುಕೊಳ್ಳಿ, ಪತ್ರ ನಾವು ಕೊಡಿಸುತ್ತೇವೆ ಎಂದು ಕೇಂದ್ರದವರು ಈಗ ಹೇಳುತ್ತಿದ್ದಾರೆ. ಮನೆಯಲ್ಲಿ ಕೆಲಸ ಸಿಕ್ಕಿದೆ ಎಂದು ಸುಳ್ಳು ಹೇಳಿದ್ದೇನೆ. ಪಿಜಿ ಬಾಡಿಗೆಗೆ ಗೆಳೆಯರ ಬಳಿ ಸಾಲ ಮಾಡುತ್ತಿದ್ದೇನೆ. ಕೋಡಿಂಗ್ ಕಲಿತು ಕೆಲಸ ಹಿಡಿಯಲು ನಿಜವಾಗಿ ಎಷ್ಟು ಕಾಲ ಬೇಕು? ಕಾಯಲೇ, ಊರಿಗೆ ಮರಳಲೇ?

– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಕಂಪ್ಯೂಟರ್ ವಿಷಯ ಓದದವರು ದಿನವಿಡೀ ಕುಳಿತು ಕಲಿತರೂ, ಸಂದರ್ಶನದಲ್ಲಿ ಕೇಳಿದ್ದನ್ನು ಸ್ವತಃ ಬರೆದು ತೋರಿಸುವ ಮಟ್ಟಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ, ಆಮೇಲೆ ಕೆಲಸ ಹುಡುಕಲು ಇನ್ನೂ ಕೆಲವು ತಿಂಗಳು ಬೇಕು. ನೌಕರಿ ಮಾಡುತ್ತ ದಿನಕ್ಕೆರಡು ಗಂಟೆ ಕಲಿಯುವವರಿಗೆ ಎರಡು ವರ್ಷವಾದರೂ ಅದು ತಡವಲ್ಲ. ಆರು ತಿಂಗಳಲ್ಲಿ ಮುಗಿಯುವುದು ಕೇಂದ್ರದ ಪಠ್ಯಕ್ರಮ ಮಾತ್ರ.

ಆದರೆ ತಿಂಗಳುಗಳನ್ನು ಎಣಿಸುವುದಕ್ಕಿಂತ, ನೀವು ಈಗ ಎಲ್ಲಿದ್ದೀರಿ ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ. ಪ್ರತಿ ತಿಂಗಳು 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿದ್ಧವಾಗುವ, ಸರಬರಾಜುದಾರರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸ ಹಾಸನದ ಕಚೇರಿಯಲ್ಲಿ ನಿಮ್ಮ ಪಾಲಿಗೂ ಬಂದಿರಬಹುದು. ಅಂಥ ಎರಡು ಪಟ್ಟಿಗಳನ್ನು ನೀವೇ ಎಕ್ಸೆಲ್‌ನಲ್ಲಿ ತಯಾರಿಸಿಕೊಂಡು, ವಿಡಿಯೊ ನೋಡದೆ, ಚಾಟ್‌ಜಿಪಿಟಿಯನ್ನೂ ಕೇಳದೆ, ಹೊಂದಿಕೆಯಾಗದ ಬಿಲ್ಲುಗಳನ್ನಷ್ಟೇ ಹೊರತೆಗೆಯುವ ಪ್ರೋಗ್ರಾಮೊಂದನ್ನು ಬರೆಯಲು ಕುಳಿತುಕೊಳ್ಳಿ. ಭಾಷೆ ಪೈಥಾನ್ ಆಗಲಿ, ಜಾವಾ ಆಗಲಿ. ಮೊದಲ ಸಲ ಓಡಿಸಿದಾಗ ಸರಿಯಿರುವ ಬಿಲ್ಲುಗಳೂ ತಪ್ಪೆಂದೇ ಬರುತ್ತವೆ. ಏಕೆಂದರೆ ಸರಬರಾಜುದಾರರು 'ಐಎನ್‌ವಿ/0045' ಎಂದು ಹಾಕಿದ್ದನ್ನು ಕಚೇರಿಯಲ್ಲಿ ಬರೀ '45' ಎಂದು ಬರೆದುಕೊಂಡಿರುತ್ತಾರೆ, ಮೊತ್ತದಲ್ಲಿ ಕೆಲವು ಪೈಸೆಗಳ ವ್ಯತ್ಯಾಸವಿರುತ್ತದೆ, ಒಂದು ಪಟ್ಟಿಯಲ್ಲಿ ದಿನಾಂಕವಾಗಿರುವುದು ಇನ್ನೊಂದರಲ್ಲಿ ಬರಿಯ ಅಕ್ಷರಗಳಾಗಿರುತ್ತದೆ. ನಮ್ಮ ಕಣ್ಣು ತಾನಾಗಿಯೇ ಸರಿಪಡಿಸಿಕೊಂಡು ಓದುವ ಇಂಥವನ್ನೆಲ್ಲ ಯಂತ್ರಕ್ಕೆ ಒಂದೊಂದಾಗಿ ಹೇಳಿಕೊಡಬೇಕು. ಪ್ರೋಗ್ರಾಮರ್‌ಗಳ ದಿನದ ಬಹುಪಾಲು ಹೋಗುವುದು ಇದರಲ್ಲೇ. ಒಂದೆರಡು ವಾರ ಒದ್ದಾಡಿಯಾದರೂ ನೀವು ಇದನ್ನು ಮುಗಿಸಿದರೆ ದಾರಿಯ ಮುಕ್ಕಾಲು ಭಾಗ ಸವೆಸಿದ್ದೀರಿ. ಖಾಲಿ ಪರದೆಯ ಎದುರು ಮೊದಲ ಸಾಲೇ ಹೊಳೆಯದಿದ್ದರೆ, ಈ ಎಂಟು ತಿಂಗಳು ನೀವು ಹೆಚ್ಚಾಗಿ ಬೇರೆಯವರು ಬರೆಯುವುದನ್ನು ನೋಡಿದ್ದೀರಿ ಎಂದರ್ಥ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಆದರೆ ನಿಮ್ಮ ಒಂದು ವರ್ಷದ ಲೆಕ್ಕವನ್ನು ಇಂದಿನಿಂದ ಶುರುಮಾಡಬೇಕಾಗುತ್ತದೆ.

ಕರೆ ಬಾರದಿರುವುದಕ್ಕೆ ನಿಮ್ಮ ಕಲಿಕೆಯೊಂದೇ ಕಾರಣವಲ್ಲ. ದೊಡ್ಡ ಕಂಪನಿಗಳು ಹೊಸಬರನ್ನು ಬಹುಮಟ್ಟಿಗೆ ಕಾಲೇಜುಗಳಿಂದಲೇ ಆರಿಸಿಕೊಳ್ಳುತ್ತವೆ. ಹೊರಗಿನವರಿಗೆ ಅವಕಾಶವಿದ್ದಾಗಲೂ ಪದವಿ ಯಾವುದು, ಯಾವ ವರ್ಷ ಪಾಸಾದದ್ದು ಎಂಬ ಷರತ್ತುಗಳಲ್ಲೇ ಬಿ.ಕಾಂ. ಆದವರ ಅರ್ಜಿ ಅನೇಕ ಕಡೆ ಬಿದ್ದುಹೋಗುತ್ತದೆ. ಇದನ್ನು ನಿಮ್ಮ ಕೇಂದ್ರದವರು ಶುಲ್ಕ ಪಡೆಯುವ ಮೊದಲೇ ಹೇಳಬೇಕಿತ್ತು.

ಹಾಗಾಗಿ ನಿಮಗೆ ತೆರೆದಿರುವ ಬಾಗಿಲು ನೀವು ಬಿಟ್ಟುಬಂದ ಕೆಲಸದ ಕಡೆಗೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯಾಲಿಗೆ ಟಿಡಿಎಲ್ ಎಂಬ ಅದರದೇ ಪ್ರೋಗ್ರಾಮಿಂಗ್ ಭಾಷೆಯಿದೆ. ವರ್ತಕರಿಗೆ ಬೇಕಾದ ಹಾಗೆ ಬಿಲ್ಲಿನ ನಮೂನೆಯನ್ನೋ ವರದಿಯನ್ನೋ ಬದಲಿಸಿಕೊಡಲು ಅದನ್ನು ಬಳಸುತ್ತಾರೆ, ಮತ್ತು ಆ ಸೇವೆ ಕೊಡುವ ಸಂಸ್ಥೆಗಳಿಗೆ ಲೆಕ್ಕವೂ ಕೋಡಿಂಗೂ ಗೊತ್ತಿರುವವರು ಬೇಕು. ಅದರ ಜೊತೆಗೆ, ಡೇಟಾಬೇಸ್‌ನಿಂದ ಮಾಹಿತಿ ಹೊರತೆಗೆಯಲು ಬಳಸುವ ಎಸ್‌ಕ್ಯೂಎಲ್ ಭಾಷೆಯನ್ನು ಚೆನ್ನಾಗಿ ಕಲಿತರೆ, ಲೆಕ್ಕಪತ್ರದ ಸಾಫ್ಟ್‌ವೇರ್ ತಯಾರಿಸುವ ಕಂಪನಿಗಳ ಸಪೋರ್ಟ್ ಮತ್ತು ಟೆಸ್ಟಿಂಗ್ ವಿಭಾಗಗಳಿಗೂ ಅರ್ಜಿ ಹಾಕಬಹುದು. ಮೊದಲ ಸಂಬಳ ನೀವು ಕನಸು ಕಂಡಷ್ಟು ಇರಲಾರದು. ಅಲ್ಲಿಯವರೆಗೆ ಹಾಸನವೋ ಬೆಂಗಳೂರೋ, ಲೆಕ್ಕದ ಕೆಲಸಕ್ಕೆ ಮತ್ತೆ ಸೇರಿ. ಸಾಲ ಕೊಟ್ಟವರ ಫೋನಿಗೆ ಹೆದರುತ್ತ ಕುಳಿತವರಿಗೆ ಏನೂ ತಲೆಗೆ ಹತ್ತುವುದಿಲ್ಲ.

ಸುಳ್ಳು ಅನುಭವ ಪತ್ರದ ಮಾತಿಗೆ ಒಪ್ಪಲೇಬೇಡಿ. ಉದ್ಯೋಗಿಯ ಪಿಎಫ್ ಖಾತೆಗಳನ್ನೆಲ್ಲ ಜೋಡಿಸುವ ಯುಎಎನ್ ಸಂಖ್ಯೆಯ ಸೇವಾ ವಿವರವನ್ನು ತೆಗೆದರೆ ಯಾವ ಸಂಸ್ಥೆಯವರು ಎಂದಿನಿಂದ ಎಂದಿನವರೆಗೆ ಪಿಎಫ್ ಕಟ್ಟಿದ್ದಾರೆ ಎಂಬುದು ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿ ತಿಂಗಳುಗಳಾದ ಮೇಲೆ ನಡೆಯುವ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಮನೆಗೆ ಹೋದವರಿದ್ದಾರೆ. ಲೆಕ್ಕದ ಕಚೇರಿಯಲ್ಲಿ ದುಡಿದ ಎರಡು ವರ್ಷ ನಿಮ್ಮ ನಿಜವಾದ ಅನುಭವ, ರೆಸ್ಯೂಮೆಯ ಮೇಲ್ಭಾಗದಲ್ಲಿ ಅದನ್ನೇ ಬರೆಯಿರಿ.

ಇನ್ನು ಮನೆಯ ವಿಷಯ. ಇಂಥದ್ದನ್ನು ಮೊದಲು ಅಮ್ಮನ ಕಿವಿಗೆ ಹಾಕಿ, ಅವರ ಮೂಲಕ ಅಪ್ಪನಿಗೆ ಮುಟ್ಟಿಸುವುದು ನಮ್ಮಲ್ಲಿ ರೂಢಿ. ಈ ಸಲ ಹಾಗೆ ಮಾಡಬೇಡಿ, ಆ ಹೊರೆ ಅಮ್ಮನಿಗೆ ಬೇಡ. ಈ ಭಾನುವಾರವೇ ಊರಿಗೆ ಹೋಗಿ ಇಬ್ಬರ ಎದುರೂ ಕುಳಿತು, ಕೆಲಸ ಸಿಕ್ಕಿಲ್ಲವೆಂಬುದನ್ನೂ ಸಾಲ ಎಷ್ಟಾಗಿದೆ ಎಂಬುದನ್ನೂ ಒಂದೇ ಸಲಕ್ಕೆ ಹೇಳಿಬಿಡಿ. ಅಪ್ಪ ಕೂಗಾಡಬಹುದು, ನಾಲ್ಕು ದಿನ ಮಾತು ಬಿಡಲೂಬಹುದು. ಅವರು ನೆಂಟರಿಗೆ ಏನು ಹೇಳಬೇಕೆಂಬುದನ್ನು ಅವರಿಗೇ ಬಿಡಿ. ಹೊರಡುವ ಮೊದಲು ತರಬೇತಿ ಕೇಂದ್ರಕ್ಕೆ ಹೋಗಿ, ಅವರು ನಿಮ್ಮ ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದರೆ ಅದನ್ನೂ ಈವರೆಗೆ ಕಟ್ಟಿದ ಹಣದ ರಸೀದಿಗಳನ್ನೂ ಪಡೆದುಕೊಳ್ಳಿ. ಕಂತು ಬಾಕಿಯಿದ್ದರೆ, ಸೇರುವಾಗ ಸಹಿ ಹಾಕಿದ ಕಾಗದವನ್ನು ಯಾರಾದರೂ ವಕೀಲರಿಗೆ ತೋರಿಸದೆ ಕಟ್ಟಬೇಡಿ.